ಕಂಪನಿ ರಿಂಗೋ, ಗೋಕುಲ ರೋಡಿನ ಮಿಲ್ಲಿಂಗೋ: ಹಳೇ ನಿಕ್ಕೋರ್‌ಗೆ ಎಐ ಮಾಡಿದ ನನ್ನ ಅನುಭವ

ಎಐ ಅಂದರೆ ಇಲ್ಲಿ ಆಟೊಮ್ಯಾಟಿಕ್ ಇಂಡೆಕ್ಸಿಂಗ್: ಲೆನ್ಸಿನ ಅಪರ್ಚರ್ ರಿಂಗಿನ ಅಂಚಿನಲ್ಲಿರುವ ಏಣು ಕ್ಯಾಮೆರಾದ ಪುಟ್ಟ ಮೀಟರ್ ಟ್ಯಾಬನ್ನು ತಳ್ಳಿ, ಅಪರ್ಚರ್ ಎಷ್ಟು ಅಂತ ತಿಳಿಸುವ ಏರ್ಪಾಡು. ಅದಿಲ್ಲದ ಹಳೇ ರಿಂಗು ಟ್ಯಾಬಿಗೇ ತಾಗುತ್ತದೆ. ಅಂಥ ನಾನ್-ಎಐ ನಿಕ್ಕೋರ್ (ನಿಕಾನ್ ಲೆನ್ಸ್) ಕಪಾಟಿನಲ್ಲಿ ಇಟ್ಟುಕೊಂಡು, ನಿಕಾನ್ ಡಿ7200 ಕ್ಯಾಮೆರಾಗೆ ಹಾಕಿದರೆ ಮೀಟರ್ ಟ್ಯಾಬ್ ಮುರಿದೀತು ಅಂತ ಹೆದರಿ ಕೂತವರಿಗೆ ನನ್ನ ಮಾತು ಒಂದೇ: ಕಂಪನಿ ರಿಂಗಿಗೆ ಕಾಯಬೇಡಿ, ಇರುವ ರಿಂಗನ್ನೇ ಕಟ್ ಮಾಡಿಸಿ. ನಮ್ಮ ಹುಬ್ಬಳ್ಳಿಯಲ್ಲೇ ಆಗುತ್ತದೆ. ನನ್ನ ಕೈಯಲ್ಲಿ ಮೂವತ್ತರ ಆಸುಪಾಸು ಲೆನ್ಸ್ ಆಗಿವೆ. ಮೀಟರ್ ಸರಿಯಿಲ್ಲ ಅಂತ ಒಂದೂ ತಿರುಗಿ ಬಂದಿಲ್ಲ.

ಕಂಪನಿ ದಾರಿ ಕೆಟ್ಟದ್ದು ಅಂತಲ್ಲ. 1977ರಲ್ಲಿ ಎಐ ಬಂದಾಗ ನಿಕಾನ್‌ನವರೇ ಹಳೇ ಲೆನ್ಸಿಗೆ ಹೊಸ ಅಪರ್ಚರ್ ರಿಂಗ್ ಹಾಕಿ ಕೊಡುತ್ತಿದ್ದರು. ಎರಡನೇ ಸಾಲು ಸಣ್ಣ ಅಂಕಿ, ಅದರ ಮೇಲೆ ಬೆಳಕು ಬೀಳಲಿ ಅಂತ ಮೊಲದ ಕಿವಿಯಲ್ಲಿ (ರಿಂಗಿನ ಮೇಲಿನ ಲೋಹದ ಕವಲಿನಲ್ಲಿ) ಕಿಂಡಿ, ಎಲ್ಲ ಅಚ್ಚುಕಟ್ಟು. ಹಳೇ ರಿಂಗೂ ಹಾಳಾಗದೆ ಉಳಿಯುತ್ತಿತ್ತು. ಆದರೆ ಆ ರಿಂಗ್ ಮಾಡುವುದನ್ನು ನಿಲ್ಲಿಸಿ ಕಾಲವೇ ಆಯಿತು. ಈಗ ಯಾರದೋ ಹಳೇ ಸ್ಟಾಕು ವಿದೇಶದಿಂದ ತರಿಸಬೇಕು. ನನ್ನ 105 ಎಂಎಂ ಎಫ್/2.5ಗೆ ಒಂದು ತರಿಸಿದೆ. ಅಂಚೆ, ಕಸ್ಟಮ್ಸ್ ಸೇರಿ ಐದು ಸಾವಿರದ ಹತ್ತಿರ ಬಿತ್ತು. ಚೆನ್ನಾಗಿಯೇ ಕೂತಿತು, ಆ ಲೆನ್ಸ್ ಇಂದಿಗೂ ಹಾಗೇ ಇದೆ. ಆದರೆ 300 ಎಂಎಂ ಎಫ್/4.5ಗೆ ಎರಡು ವರ್ಷ ಹುಡುಕಿದರೂ ರಿಂಗ್ ಸಿಗಲಿಲ್ಲ. ಬೆಂಗಳೂರಿನ ಒಬ್ಬ ರಿಪೇರಿಯವರು ಕತ್ತರಿಸಿ ಕೊಡಲು ನಾಲ್ಕೂವರೆ ಸಾವಿರ ಕೇಳಿದರು, ಕೊರಿಯರ್ ಬೇರೆ. ಲೆನ್ಸಿಗೆ ಕೊಟ್ಟದ್ದೇ ಆರು ಸಾವಿರ.

ಕೊಪ್ಪೀಕರ್ ರೋಡಿನ ಗೆಳೆಯರೆಲ್ಲ ಬೇಡ ಅಂದರು. "ಒಮ್ಮೆ ಕೊಯ್ದ್ರ ಮುಗೀತು, ಆಮ್ಯಾಲ ಯಾರ್ ತಗೊಳ್ತಾರ್ರೀ ಅದನ್ನ?" ಅಂತ ಒಬ್ಬರು. ಮಾರುವವರಿಗೆ ಆ ಪ್ರಶ್ನೆ. ನನಗೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಫೋಟೊ ಬೇಕಿತ್ತು.

ಮೊದಲು ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಇಟ್ಟವರ ಹತ್ತಿರ ಹೋದೆ. ವಾಲ್ವ್ ಬಾಡಿ ತಿರುವಿ ಪಳಗಿದ ಕೈ. ರಿಂಗ್ ನೋಡಿದ ಕೂಡಲೇ ಅವರೇ ಅಂದರು: "ಅಣ್ಣಾರ, ಇದು ಭಾಳ ತೆಳು ಐತ್ರಿ. ಚಕ್ ಬಿಗಿ ಮಾಡಿದ್ರ ತತ್ತಿ ಆಕ್ಕೈತಿ." ಹಾಗೇ ಆಯಿತು. ಪ್ರಯೋಗಕ್ಕೆ ಅಂತ ಒಯ್ದಿದ್ದು ಫಂಗಸ್ ಹಿಡಿದ 135 ಎಂಎಂ ಲೆನ್ಸಿನ ರಿಂಗು. ಕಣ್ಣಿಗೆ ದುಂಡಗೇ ಇತ್ತು, ಲೆನ್ಸಿಗೆ ಹಾಕಿ ತಿರುಗಿಸಿದರೆ ಅರ್ಧ ಸುತ್ತಿಗೆ ಬಿಗಿ, ಅರ್ಧ ಸುತ್ತಿಗೆ ಸಡಿಲ. ಎಂಟು ನೂರು ರೂಪಾಯಿ ಹೋಯಿತು. ಅಲ್ಲದೆ ಲೇತ್ ಸುತ್ತಲೂ ಒಂದೇ ಸಮ ಕೊಯ್ಯುತ್ತದೆ. ನಮಗೆ ಟ್ಯಾಬ್ ತಳ್ಳುವ ಏಣು ಉಳಿಯಬೇಕು, ಅದಕ್ಕೆ ಬೇಕಾದಷ್ಟು ಭಾಗ ಮಾತ್ರ ಕೊಯ್ಯುವ ಮಿಲ್ಲಿಂಗೇ ಆಗಬೇಕು.

ಕೊನೆಗೆ ಕೈಹಿಡಿದದ್ದು ಸಾಗವಾನಿ ಮರದ ಬೊಡ್ಡೆ. ರಿಂಗಿನ ಒಳ ಅಳತೆಗೆ ಕೂದಲೆಳೆಯಷ್ಟು ಕಮ್ಮಿ ತಿರುವಿಸಿ, ರಿಂಗನ್ನು ಅದರ ಮೇಲೆ ಕೂರಿಸಿ, ಮಿಲ್ಲಿಂಗ್ ಯಂತ್ರದ ಡಿವೈಡಿಂಗ್ ಹೆಡ್ಡಿಗೆ (ಕೋನ ಅಳೆದು ತಿರುಗಿಸುವ ಭಾಗಕ್ಕೆ) ಕಟ್ಟಿದೆವು. ಮರಕ್ಕೂ ರಿಂಗಿಗೂ ನಡುವೆ ಏನು ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನಲ್ಲೇ ಇರಲಿ. ಕೊಯ್ಯಲು ನಾಲ್ಕು ಎಂಎಂ ಎಂಡ್ ಮಿಲ್ ಬಿಟ್ಟು, ಸೀಮೆಎಣ್ಣೆಯ ಹನಿ, ಒಂದು ಸಲಕ್ಕೆ ಕಾಲು ಎಂಎಂಗಿಂತ ಹೆಚ್ಚು ಇಳಿಸುವುದಿಲ್ಲ. ಒಟ್ಟು ಕೊಯ್ತ ಒಂದು ಎಂಎಂ ಚಿಲ್ಲರೆ. ಆದರೆ ಆ ಅಳತೆ ನಂಬಬೇಡಿ, ಪಕ್ಕದಲ್ಲಿ ಒಂದು ಅಸಲಿ ಎಐ ಲೆನ್ಸ್ ಇಟ್ಟುಕೊಂಡು ಕ್ಯಾಲಿಪರ್‌ನಿಂದ ಹೋಲಿಸಿ. ಏಣಿನ ಜಾಗವನ್ನೂ ಅಷ್ಟೇ ದೊಡ್ಡ ಅಪರ್ಚರಿನ ಎಐ ಲೆನ್ಸ್ ನೋಡಿಯೇ ಗುರುತಿಸಬೇಕು. ಎಫ್/2.8 ಲೆನ್ಸಿನ ಗುರುತು ಎಫ್/4ಕ್ಕೆ ನಡೆಯುವುದಿಲ್ಲ.

ಎಲ್ಲರೂ ಸೋಲುವುದು ಇಲ್ಲೇ. ಏಣಿನ ಅಂಚನ್ನು ಗುರುತಿಗೆ ಸರಿಯಾಗಿ ಕೊಯ್ದುಬಿಡುತ್ತಾರೆ. ಅಂಚು ಹಿಂದೆ ಸರಿದರೆ ಮತ್ತೆ ಮುಂದೆ ತರಲು ಬರುವುದಿಲ್ಲ. ನಾನು ಒಂದೂವರೆ ಎಂಎಂ ಹೆಚ್ಚೇ ಬಿಡುತ್ತೇನೆ. ಲೆನ್ಸ್ ಕೂಡಿಸಿ, ಡಿ7200ರ ನಾನ್-ಸಿಪಿಯು (ಚಿಪ್ ಇಲ್ಲದ ಲೆನ್ಸುಗಳ) ಪಟ್ಟಿಯಲ್ಲಿ ಫೋಕಲ್ ಲೆಂಗ್ತ್, ಗರಿಷ್ಠ ಅಪರ್ಚರ್ ತುಂಬಿ, ಸುಣ್ಣ ಬಳಿದ ಗೋಡೆಗೆ ಹಿಡಿಯುತ್ತೇನೆ. ಲೆನ್ಸಿನ ರಿಂಗ್ 8ರಲ್ಲಿದ್ದರೆ ಮೇಲಿನ ಸ್ಕ್ರೀನಿನಲ್ಲೂ 8 ಬರಬೇಕು. ಬೇರೆ ಅಂಕಿ ಬಂದರೆ ಅಂಚು ಇನ್ನೂ ಜಾಗಕ್ಕೆ ಬಂದಿಲ್ಲ ಅಂತ ಅರ್ಥ. ಮತ್ತೆ ಬಿಚ್ಚಿ, ಸೂಜಿ ಅರದಿಂದ ಎರಡೆಳೆ ತಿಕ್ಕಿ, ಮತ್ತೆ ಕೂಡಿಸುವುದು. ಬೇಸರದ ಕೆಲಸ ಹೌದು, ಆದರೆ ಬಿಚ್ಚದೆ ಲೆನ್ಸಿನ ಮೇಲೇ ಅರ ಆಡಿಸಬೇಡಿ. ಅಲ್ಯೂಮಿನಿಯಂ ಪುಡಿ ಫೋಕಸ್ ತಿರುಪಿನ (ಹೆಲಿಕಾಯ್ಡ್) ಗ್ರೀಸಿಗೆ ಸೇರಿದರೆ ಫೋಕಸ್ ರಿಂಗ್ ಕರಕರ ಅನ್ನುತ್ತದೆ. ಸ್ಕ್ರೂಗಳಿಗೆ ಜೆಐಎಸ್ (ಜಪಾನಿ ಅಳತೆಯ) ಡ್ರೈವರೇ ಇರಲಿ. ಜಗ್ಗದಿದ್ದರೆ ಒಂದು ಹನಿ ಅಸಿಟೋನ್ ಬಿಟ್ಟು ಹತ್ತು ನಿಮಿಷ ಕಾಯಿರಿ.

ಈ ಮರದ ಬೊಡ್ಡೆ ಕೈಯಲ್ಲಿದ್ದ ಹುರುಪಿನಲ್ಲಿ ಎಂ42 ಅನ್ನುವ ತಿರುಪು ಮೌಂಟಿನ ಹೀಲಿಯೋಸ್ ಲೆನ್ಸ್ ಒಂದಕ್ಕೆ ನಿಕಾನ್ ಮೌಂಟೇ ಕೂರಿಸಿ ನೋಡಿದೆ. ಎಂ42ರ ಫ್ಲ್ಯಾಂಜ್ ದೂರ (ಮೌಂಟಿನಿಂದ ಫಿಲ್ಮ್ ಇಲ್ಲವೇ ಸೆನ್ಸರಿಗೆ ಇರುವ ದೂರ) 45.46 ಎಂಎಂ, ನಿಕಾನಿನದು 46.5. ಆ ಒಂದು ಎಂಎಂಗೆ ಇನ್ಫಿನಿಟಿ (ದೂರದ ಫೋಕಸ್) ಹೋಯಿತು. ಹೂವು, ಮುಖ ಚೆನ್ನಾಗಿ ಬಂದವು, ಬಂಕಾಪುರದ ಕೋಟೆಯಲ್ಲಿ ನವಿಲು ಮಾತ್ರ ಮಂಜು. ಮಿರರ್‌ಲೆಸ್ ತಗೊಂಡು ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಕೊಯ್ಯುವ ಗೋಜೇ ಇಲ್ಲ ಅನ್ನುತ್ತಾರೆ. ನಿಜ, ಅದರಲ್ಲಿ ಮೀಟರ್ ಟ್ಯಾಬೇ ಇಲ್ಲ. ಆದರೆ ಆ ಕ್ಯಾಮೆರಾಗೆ ಲಕ್ಷದ ಹತ್ತಿರ ಹಾಕಬೇಕು. ಈ ಕೊಯ್ತ ಕೈಗೆ ಹತ್ತುವವರೆಗೆ ನನಗೆ, ಕೆಟ್ಟ ರಿಂಗುಗಳೂ ಸೇರಿ, ಏಳೆಂಟು ಸಾವಿರ ಹೋಗಿರಬಹುದು. ಈಗ ಒಂದು ರಿಂಗಿಗೆ ಮಿಲ್ಲಿಂಗಿನವರು ಆರು ನೂರು ತಗೊಳ್ಳುತ್ತಾರೆ.

ಎಲ್ಲವನ್ನೂ ಕೊಯ್ಯಲು ನಾನು ಒಪ್ಪುವುದಿಲ್ಲ. 1959ರ ಕಾಲದ, ಟಿಕ್ ಗುರುತಿರುವ ಅಪರೂಪದ 5 ಸೆಂ.ಮೀ. ಎಫ್/2 ತಂದರೆ ಮುಟ್ಟದೆ ವಾಪಸ್ ಕೊಡುತ್ತೇನೆ. ಅಂಥದ್ದಕ್ಕೆ ಕಂಪನಿ ರಿಂಗ್ ಸಿಕ್ಕರೆ ಸರಿ, ಇಲ್ಲದಿದ್ದರೆ ಹಾಗೇ ಇರಲಿ. 2.1 ಸೆಂ.ಮೀ. ಎಫ್/4ರ ಹಿಂದಿನ ಗಾಜು ಮಿರರ್ ಇರುವ ಜಾಗಕ್ಕೇ ನುಗ್ಗುತ್ತದೆ, ರಿಂಗ್ ಕೊಯ್ದೂ ಉಪಯೋಗವಿಲ್ಲ. ಉಳಿದಂತೆ 50, 105, 135, 200, 300 ಯಾವುದಾದರೂ ತನ್ನಿ. ತರುವ ಮುಂಚೆ ಮೌಂಟ್ ಕಡೆಯ ಫೋಟೊ ಒಂದು ಕಳಿಸಿ. ಒಂದೊಂದು ಲೆನ್ಸಿನ ರಿಂಗಿಗೆ ಒಳ ಅಳತೆ ಬೇರೆ, ನನ್ನಲ್ಲಿ ಇಲ್ಲದ ಬೊಡ್ಡೆಯಾದರೆ ತಿರುವಿಸಲು ಒಂದು ವಾರ ಬೇಕು.