ಪ್ಯಾಕೇಜ್‌ನಲ್ಲಿ ಪ್ರತಿಫಲನ, ಬೋರ್ಡ್‌ನಲ್ಲಿ ನಷ್ಟ: ಸಿಗ್ನಲ್ ಇಂಟೆಗ್ರಿಟಿ ವಿಶ್ಲೇಷಣೆ ಮಾಡುವ ಬಗೆ

ಬೆಂಗಳೂರಿನ ಚಿಪ್ ವಿನ್ಯಾಸ ಕಚೇರಿಯೊಂದರಲ್ಲಿ ಪ್ಯಾಕೇಜ್ ತಂಡ ಮತ್ತು ಬೋರ್ಡ್ ತಂಡ ಎರಡರ ಕೆಲಸವನ್ನೂ ಪರಿಶೀಲಿಸುವುದು ನನ್ನ ಪಾಲಿನ ಕೆಲಸ. ಚಿಪ್ ಅನ್ನು ಹೊತ್ತು ಬೋರ್ಡ್‌ಗೆ ಜೋಡಿಸುವ ಪುಟ್ಟ ತಳ ಪ್ಯಾಕೇಜ್; ಅದು ಕೂರುವ ಸರ್ಕ್ಯೂಟ್ ಫಲಕ ಬೋರ್ಡ್. ಎರಡನ್ನೂ ದಾಟಿ ಸಿಗ್ನಲ್ ಕೆಡದೆ ತಲುಪುತ್ತದೆಯೇ ಎಂದು ನೋಡುವುದೇ ಸಿಗ್ನಲ್ ಇಂಟೆಗ್ರಿಟಿ ವಿಶ್ಲೇಷಣೆ. ಬೋರ್ಡ್ ಕೆಲಸದಲ್ಲಿ ಪಳಗಿ ಪ್ಯಾಕೇಜ್‌ಗೆ ಬರುವ ಎಂಜಿನಿಯರುಗಳು ಅದನ್ನು ಪುಟ್ಟದೊಂದು ಬೋರ್ಡ್ ಎಂದೇ ಎಣಿಸುತ್ತಾರೆ. ಎರಡಕ್ಕೂ ಅನ್ವಯವಾಗುವುದು ಅದೇ ಮ್ಯಾಕ್ಸ್‌ವೆಲ್ ಸಮೀಕರಣಗಳು. ಆದರೆ ಅಳತೆ ಬದಲಾದಾಗ ಕಾಡುವ ತೊಂದರೆಯೂ ಬದಲಾಗುತ್ತದೆ. ತೊಂದರೆ ಎಲ್ಲಿದೆ ಎಂದು ಮೊದಲೇ ಊಹಿಸಬಲ್ಲವರು ಸಿಮ್ಯುಲೇಷನ್‌ನಲ್ಲಿ ವಾರಗಟ್ಟಲೆ ಅಲೆಯುವುದಿಲ್ಲ.

ಕಂಪ್ಯೂಟರಿನೊಳಗೆ ಚಿಪ್‌ಗಳನ್ನು ಬೆಸೆಯುವ ಪಿಸಿಐ ಎಕ್ಸ್‌ಪ್ರೆಸ್ 5.0 ಸಂಪರ್ಕವನ್ನೇ ಉದಾಹರಣೆಯಾಗಿ ಹಿಡಿಯೋಣ. ಒಂದು ಲೇನ್‌ನಲ್ಲಿ ಸೆಕೆಂಡಿಗೆ 32 ಗಿಗಾಬಿಟ್ ಹರಿಯುತ್ತದೆ. ಒಂದು ಬಿಟ್‌ಗೆ ಸಿಗುವ ಸಮಯ 31.25 ಪಿಕೊಸೆಕೆಂಡ್, ನೈಕ್ವಿಸ್ಟ್ ಆವರ್ತನ (ಬಿಟ್ ವೇಗದ ಅರ್ಧ) 16 ಗಿಗಾಹರ್ಟ್ಸ್. ಚಿಪ್‌ನಿಂದ ಚಿಪ್‌ವರೆಗೆ, ಎರಡೂ ಪ್ಯಾಕೇಜ್‌ಗಳನ್ನು ಸೇರಿಸಿ, ಈ ಆವರ್ತನದಲ್ಲಿ ಕಳೆದುಕೊಳ್ಳಲು ಅವಕಾಶವಿರುವುದು ಸುಮಾರು 36 ಡೆಸಿಬೆಲ್.

ಸಾಫ್ಟ್‌ವೇರ್ ತೆರೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಇದನ್ನು ನಾನು ಹಟ ಹಿಡಿದು ಎಲ್ಲರಿಂದಲೂ ಮಾಡಿಸುತ್ತೇನೆ. ಪ್ಯಾಕೇಜ್ ಸಬ್‌ಸ್ಟ್ರೇಟ್‌ನ (ತಳಹಲಗೆಯ) ಟ್ರೇಸ್, ಅಂದರೆ ತಾಮ್ರದ ಗೆರೆ, 20 ಮೈಕ್ರಾನ್ ಅಗಲ, 15 ಮೈಕ್ರಾನ್ ದಪ್ಪ ಇದೆ ಎನ್ನಿ. ಅದರ ಡಿಸಿ ರೋಧ ಮಿಲಿಮೀಟರಿಗೆ 57 ಮಿಲಿಓಮ್ ಆಗುತ್ತದೆ. ಬೋರ್ಡ್‌ನಲ್ಲಿ 125 ಮೈಕ್ರಾನ್ ಅಗಲದ, ಅರ್ಧ ಔನ್ಸ್ ತಾಮ್ರದ ಟ್ರೇಸ್‌ಗೆ ಇದು 8 ಮಿಲಿಓಮ್. ಮಿಲಿಮೀಟರ್ ಲೆಕ್ಕದಲ್ಲಿ ಪ್ಯಾಕೇಜ್ ಏಳು ಪಟ್ಟು ಕೆಟ್ಟದ್ದು. ಆದರೂ ಪ್ಯಾಕೇಜ್‌ನ ದಾರಿ 20 ಮಿಲಿಮೀಟರ್, ಬೋರ್ಡ್‌ನ ದಾರಿ 250 ಮಿಲಿಮೀಟರ್ ಎಂದಾದರೆ ಒಟ್ಟು ನಷ್ಟದಲ್ಲಿ ದೊಡ್ಡ ಪಾಲು ಬೋರ್ಡ್‌ನದೇ.

ಹಾಗೆಂದು ಪ್ಯಾಕೇಜ್ ಸಲೀಸು ಎಂದುಕೊಳ್ಳಬೇಡಿ. ಉದ್ದನೆಯ ಬೋರ್ಡ್ ಟ್ರೇಸ್‌ನಲ್ಲಿ ಪ್ರತಿಫಲಿಸಿದ ಅಲೆ ಹೋಗಿ ಬರುವಷ್ಟರಲ್ಲಿ ಬಹುಪಾಲು ಸತ್ತುಹೋಗುತ್ತದೆ. ಪ್ಯಾಕೇಜ್‌ನಲ್ಲಿ ಅದಕ್ಕೆ ಸಾಯಲು ದೂರವೇ ಇಲ್ಲ. ಸಣ್ಣ ಖಾಲಿ ಕೋಣೆಯಲ್ಲಿ ಕೂಗಿದ ದನಿಯಂತೆ ಅದು ಚಿಪ್‌ನ ಪ್ಯಾಡ್ ಮತ್ತು ಬಾಲ್‌ಗಳ (ಪ್ಯಾಕೇಜನ್ನು ಬೋರ್ಡ್‌ಗೆ ಬೆಸೆಯುವ ಬೆಸುಗೆ ಗುಂಡುಗಳ) ನಡುವೆ ಮೊಳಗುತ್ತಿರುತ್ತದೆ. ಸಬ್‌ಸ್ಟ್ರೇಟ್‌ನ ಕೋರ್ ಮೇಲೆ ಕಟ್ಟುವ ಬಿಲ್ಡ್-ಅಪ್ ಪದರದಲ್ಲಿ ಸಿಗ್ನಲ್‌ಗೆ ಮಿಲಿಮೀಟರಿಗೆ ಸುಮಾರು 6 ಪಿಕೊಸೆಕೆಂಡ್ ಹಿಡಿಯುತ್ತದೆ. ಹೀಗಾಗಿ 20 ಮಿಲಿಮೀಟರ್ ಹೋಗಿ ಬರಲು 240 ಪಿಕೊಸೆಕೆಂಡ್ ಬೇಕು. ಆವರ್ತನಕ್ಕೆ ತಕ್ಕಂತೆ ನಷ್ಟವನ್ನು ತೋರಿಸುವ ಇನ್ಸರ್ಷನ್ ಲಾಸ್ ಗೆರೆಯಲ್ಲಿ ಸುಮಾರು 4.2 ಗಿಗಾಹರ್ಟ್ಸ್‌ಗೊಮ್ಮೆ ಏರಿಳಿತ ಕಂಡರೆ ಅದು ಈ ಮೊಳಗುವಿಕೆಯೇ. ಬೋರ್ಡ್‌ನಲ್ಲಿ ನಷ್ಟದ ಬೆನ್ನು ಹತ್ತಿ, ಪ್ಯಾಕೇಜ್‌ನಲ್ಲಿ ಪ್ರತಿಫಲನ ಮತ್ತು ಕ್ರಾಸ್‌ಟಾಕ್‌ನ (ಪಕ್ಕದ ತಂತಿಯ ಸಿಗ್ನಲ್ ಸೋರಿ ಬರುವುದರ) ಬೆನ್ನು ಹತ್ತಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಪ್ಯಾಕೇಜ್‌ನಲ್ಲಿ ಪ್ರತಿಫಲನಕ್ಕೆ ಮುಖ್ಯ ಕಾರಣ ಬಾಲ್ ಪ್ಯಾಡ್. ಅರ್ಧ ಮಿಲಿಮೀಟರ್ ವ್ಯಾಸದ ಪ್ಯಾಡ್‌ನ ಮೇಲೆ 30 ಮೈಕ್ರಾನ್ ಅಂತರದಲ್ಲಿ ಗ್ರೌಂಡ್ ಪ್ಲೇನ್ ಇದ್ದರೆ, ಶಾಲೆಯಲ್ಲಿ ಕಲಿತ ಸಮಾನಾಂತರ ಫಲಕಗಳ ಸೂತ್ರದಲ್ಲೇ 0.19 ಪಿಕೊಫ್ಯಾರಡ್ ಬರುತ್ತದೆ. 16 ಗಿಗಾಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ ಬರೀ 52 ಓಮ್. 85 ಓಮ್ ಡಿಫರೆನ್ಷಿಯಲ್ ಜೋಡಿಯ ಒಂದೊಂದು ತಂತಿಯ ಪಾಲು 42.5 ಓಮ್ ಆಗಿರುವಾಗ, 52 ಓಮ್ ಅನ್ನು ಗ್ರೌಂಡ್‌ಗೆ ನೇರವಾಗಿ ಕಟ್ಟಿಟ್ಟಂತಾಯಿತು. ಇದಕ್ಕೆ ಪರಿಹಾರವೆಂದರೆ ಪ್ಯಾಡ್‌ನ ನೆತ್ತಿಯ ಮೇಲಿನ ಪ್ಲೇನ್‌ಗಳಲ್ಲಿ ರಂಧ್ರ ಬಿಡುವುದು. ಒಂದು ಪದರದಲ್ಲಿ ಬಿಟ್ಟು ಸುಮ್ಮನಾಗಬೇಡಿ. ಎರಡು, ಮೂರು ಪದರ ತೆರೆದು ಪ್ರತಿ ಸಲವೂ ಟಿಡಿಆರ್ (ಮರಳಿ ಬಂದ ಅಲೆಯಿಂದ ದಾರಿಯುದ್ದದ ಇಂಪೀಡೆನ್ಸ್ ತೋರಿಸುವ ಗೆರೆ) ನೋಡಿ. ಅತಿಯಾಗಿ ತೆರೆದರೆ ಇಂಪೀಡೆನ್ಸ್ ಮೇಲಕ್ಕೆ ಜಿಗಿಯುತ್ತದೆ, ಪಕ್ಕದ ಲೇನ್‌ನ ಕ್ಷೇತ್ರವೂ ಆ ರಂಧ್ರದಿಂದ ಒಳಗೆ ಬರುತ್ತದೆ.

ಬೋರ್ಡ್‌ನಲ್ಲಿ ಟ್ರೇಸ್‌ನ ಬಹುಭಾಗಕ್ಕೆ 2ಡಿ ಸಾಲ್ವರ್ (ಅಡ್ಡಕೊಯ್ತದಲ್ಲಷ್ಟೇ ಕ್ಷೇತ್ರ ಲೆಕ್ಕ ಹಾಕುವ ಸಾಫ್ಟ್‌ವೇರ್) ಸಾಕು. 3ಡಿಯನ್ನು ವಯಾ (ಪದರಗಳನ್ನು ಲಂಬವಾಗಿ ಬೆಸೆಯುವ ರಂಧ್ರ) ಮತ್ತು ಕನೆಕ್ಟರ್‌ಗಳಿಗೆ ಮೀಸಲಿಡಿ. ಪ್ಯಾಕೇಜ್ ಹಾಗಲ್ಲ. ಬಂಪ್ (ಚಿಪ್ ಅನ್ನು ಪ್ಯಾಕೇಜ್‌ಗೆ ಬೆಸೆಯುವ ಪುಟ್ಟ ಬೆಸುಗೆ), ಮೈಕ್ರೋವಯಾ, ಕೋರ್ ವಯಾ, ಬಾಲ್ ಎಲ್ಲವೂ ಇಕ್ಕಟ್ಟಿನಲ್ಲಿ ಇರುವುದರಿಂದ ಇಡೀ ದಾರಿಯನ್ನು ನೆರೆಯ ಲೇನ್‌ಗಳ ಸಮೇತ 3ಡಿಯಲ್ಲಿ ಲೆಕ್ಕ ಹಾಕಬೇಕು.

ಬೋರ್ಡ್‌ನಲ್ಲಿ ಮರೆಯಬಾರದ ಸಂಗತಿಗಳು ಬೇರೆ. 16 ಗಿಗಾಹರ್ಟ್ಸ್‌ನಲ್ಲಿ ವಿದ್ಯುತ್ ಹರಿಯುವುದು ತಾಮ್ರದ ಹೊರಮೈಯ ಸುಮಾರು ಅರ್ಧ ಮೈಕ್ರಾನ್‌ನಲ್ಲಿ. ಆದ್ದರಿಂದ ತಾಮ್ರದ ಒರಟುತನವನ್ನು ಮಾದರಿಯಲ್ಲಿ ಸೇರಿಸದಿದ್ದರೆ ನಷ್ಟ ಕಡಿಮೆ ತೋರುತ್ತದೆ. ವಯಾದಲ್ಲಿ 2 ಮಿಲಿಮೀಟರ್ ಸ್ಟಬ್ (ಸಿಗ್ನಲ್ ಬಳಸದ ಬಾಲ) ಉಳಿದರೆ ಕಾಲು ಅಲೆಯುದ್ದದ ಅನುರಣನ 18.75 ಗಿಗಾಹರ್ಟ್ಸ್‌ನಲ್ಲಿ ಕೂರುತ್ತದೆ. ವಯಾ ಪ್ಯಾಡ್‌ಗಳ ಧಾರಣೆ (ಕೆಪ್ಯಾಸಿಟೆನ್ಸ್) ಸೇರಿದರೆ ಅದು ಇನ್ನೂ ಕೆಳಗಿಳಿದು ನಮ್ಮ 16ರ ಹತ್ತಿರವೇ ಬರುತ್ತದೆ. ಬ್ಯಾಕ್‌ಡ್ರಿಲ್ ಮಾಡಿಸಿ, ಅಂದರೆ ಆ ಸ್ಟಬ್ ಅನ್ನು ಕೊರೆದು ತೆಗೆಸಿ. ಗಾಜಿನ ನೂಲಿನ ನೇಯ್ಗೆಯಿಂದ ಜೋಡಿಯ ಎರಡು ತಂತಿಗಳ ನಡುವೆ ವಿಳಂಬದ ವ್ಯತ್ಯಾಸ ಬರುವುದೂ ಬೋರ್ಡ್‌ನ ಕಾಟವೇ. ಪ್ಯಾಕೇಜ್‌ನ ಬಿಲ್ಡ್-ಅಪ್ ಫಿಲ್ಮ್‌ನಲ್ಲಿ ಗಾಜಿನ ಬಟ್ಟೆ ಇರುವುದಿಲ್ಲ. ಆ ಫಿಲ್ಮ್‌ಗೆ ಹೆಸರಾಗಿರುವುದು ಅಡುಗೆಯ ರುಚಿಪುಡಿಗೆ ಪ್ರಸಿದ್ಧವಾದ ಜಪಾನಿನ ಅಜಿನೊಮೊಟೊ ಸಮೂಹ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ಈಗ ಎಲ್ಲಕ್ಕಿಂತ ಮುಖ್ಯ ನಿರ್ಧಾರಕ್ಕೆ ಬರೋಣ: ಪ್ಯಾಕೇಜ್ ಮಾದರಿಯನ್ನು ಎಲ್ಲಿ ಮುಗಿಸಿ ಬೋರ್ಡ್ ಮಾದರಿಯನ್ನು ಎಲ್ಲಿ ಆರಂಭಿಸಬೇಕು? ತಂಡಗಳ ಗಡಿ ಬಾಲ್‌ನಲ್ಲಿರುವುದರಿಂದ ಮಾದರಿಯನ್ನೂ ಅಲ್ಲೇ ಕತ್ತರಿಸುವುದು ರೂಢಿ. ಈ ವೇಗದಲ್ಲಿ ಆ ರೂಢಿಯನ್ನು ನಾನು ಒಪ್ಪುವುದಿಲ್ಲ. ಬಾಲ್‌ನ ಸುತ್ತ ವಿದ್ಯುತ್ಕಾಂತ ಕ್ಷೇತ್ರ ಎಲ್ಲ ದಿಕ್ಕಿಗೂ ಚಾಚಿರುತ್ತದೆ, ಪ್ಯಾಕೇಜ್‌ನ ತಳಭಾಗ ಮತ್ತು ಬೋರ್ಡ್‌ನ ಮೇಲ್ಭಾಗ ಒಂದನ್ನೊಂದು ನೋಡುತ್ತಿರುತ್ತವೆ. ಅಲ್ಲಿ ಕತ್ತರಿಸಿದರೆ ಬಾಲ್‌ನ ಧಾರಣೆ ಎರಡು ಸಲ ಎಣಿಕೆಯಾಗಬಹುದು, ಅಥವಾ ಎರಡು ಮಾದರಿಗಳ ನಡುವೆ ಬಿದ್ದು ಕಾಣೆಯಾಗಬಹುದು. ಗ್ರೌಂಡ್ ಬಾಲ್‌ಗಳ ಗತಿ ಇನ್ನೂ ಕಷ್ಟ. ಸಿಗ್ನಲ್ ಮರಳುವ ದಾರಿ ಅವೇ. ಎರಡೂ ಎಸ್-ಪ್ಯಾರಾಮೀಟರ್ ಕಡತಗಳಲ್ಲಿ (ಪ್ರತಿ ಆವರ್ತನದಲ್ಲಿ ಎಷ್ಟು ದಾಟಿತು, ಎಷ್ಟು ಮರಳಿತು ಎಂದು ಹೇಳುವ ಮಾದರಿಗಳಲ್ಲಿ) ಗ್ರೌಂಡನ್ನು ಒಂದೇ ನೋಡ್‌ಗೆ ಕಟ್ಟಿದಾಗ ಆ ದಾರಿಯ ಇಂಡಕ್ಟೆನ್ಸ್ ಲೆಕ್ಕದಿಂದ ಜಾರಿಹೋಗುತ್ತದೆ, ಅದರೊಂದಿಗೆ ಕ್ರಾಸ್‌ಟಾಕ್‌ನ ಒಂದು ಪಾಲೂ ಹೋಗುತ್ತದೆ.

ಹೀಗೆ ಮಾಡಿ. ಬೋರ್ಡ್ ತಂಡದಿಂದ ಬಾಲ್‌ಗಳ ಕೆಳಗಿನ ತುಂಡನ್ನು, ವಯಾ ಸಮೇತ, ಒಳಪದರದ ಟ್ರೇಸ್ 2–3 ಮಿಲಿಮೀಟರ್ ಸಾಗುವವರೆಗೆ ತರಿಸಿಕೊಳ್ಳಿ. ಅದನ್ನು ಪ್ಯಾಕೇಜ್‌ಗೆ ಅಂಟಿಸಿ ಒಟ್ಟಾಗಿ 3ಡಿಯಲ್ಲಿ ಲೆಕ್ಕ ಹಾಕಿ. ಕತ್ತರಿಸುವ ಜಾಗ ಆ ಟ್ರೇಸ್‌ನ ಮೇಲಿರಲಿ. ಎರಡು ಪ್ಲೇನ್‌ಗಳ ನಡುವೆ ಸಮನಾಗಿ ಓಡುವ ಟ್ರೇಸ್‌ನಲ್ಲಿ ಕ್ಷೇತ್ರ ಶಾಂತವಾಗಿರುತ್ತದೆ, ಪೋರ್ಟ್ (ಮಾದರಿಗೆ ಸಿಗ್ನಲ್ ಹೋಗಿ ಬರುವ ತುದಿ) ಇಡಲು ಅದೇ ಯೋಗ್ಯ ಸ್ಥಳ. ಇದಕ್ಕೆ ಎರಡು ತಂಡಗಳು ಒಂದೇ ಮೇಜಿಗೆ ಬರಬೇಕು, ಬಾಲ್ ನಕ್ಷೆ ಗಟ್ಟಿಯಾಗುವ ಮೊದಲೇ ಬರಬೇಕು. ಯಾವ ಸಿಗ್ನಲ್ ಬಾಲ್‌ನ ಪಕ್ಕ ಎಷ್ಟು ಗ್ರೌಂಡ್ ಬಾಲ್ ಇರಬೇಕು ಎಂಬುದನ್ನು ಆಮೇಲೆ ಬದಲಿಸುವ ಖರ್ಚನ್ನು ಯಾರೂ ಹೊರಲು ಒಪ್ಪುವುದಿಲ್ಲ.

ಜೋಡಿಸುವ ಮುನ್ನ ಕಡತಗಳನ್ನು ಪರೀಕ್ಷಿಸಿ. ಡಿಸಿಯಿಂದ ಕನಿಷ್ಠ 32 ಗಿಗಾಹರ್ಟ್ಸ್‌ವರೆಗೆ, 10 ಮೆಗಾಹರ್ಟ್ಸ್ ಅಂತರದಲ್ಲಿ ಬಿಂದುಗಳಿರಲಿ. ಪ್ಯಾಸಿವಿಟಿ (ಮಾದರಿ ತಾನೇ ಶಕ್ತಿ ಹುಟ್ಟಿಸಬಾರದು) ಮತ್ತು ಕಾಸಾಲಿಟಿ (ಕಾರಣಕ್ಕಿಂತ ಮೊದಲು ಪರಿಣಾಮ ಬರಬಾರದು) ಪರೀಕ್ಷೆಗಳು ಪಾಸಾಗಲೇಬೇಕು. ಪೋರ್ಟ್‌ಗಳ ಕ್ರಮವನ್ನು ಕಣ್ಣಾರೆ ನೋಡಿ: ಒಂದು ಕಡತದಲ್ಲಿ 1ರಿಂದ 2ಕ್ಕೆ, ಇನ್ನೊಂದರಲ್ಲಿ 1ರಿಂದ 3ಕ್ಕೆ ಸಿಗ್ನಲ್ ಸಾಗುವುದು ಸಾಮಾನ್ಯ. ಡಿಸಿಯ ಹತ್ತಿರ ಸೊನ್ನೆ ಡೆಸಿಬೆಲ್ ಬಳಿ ಇರುವ ಜೋಡಿ ಯಾವುದೆಂದು ನೋಡಿದರೆ ತಿಳಿಯುತ್ತದೆ. ಚಿಪ್‌ನ ಪಿನ್‌ಗಳ ವರ್ತನೆಯನ್ನು ವಿವರಿಸುವ ಐಬಿಸ್ ಕಡತದಲ್ಲಿ ಪ್ಯಾಕೇಜ್‌ಗೆಂದು ಕೊಟ್ಟಿರುವ ಒಂದೇ ಆರ್, ಎಲ್, ಸಿ ಮೌಲ್ಯಗಳನ್ನು ಇಲ್ಲಿ ಬಳಸಬೇಡಿ. 120 ಪಿಕೊಸೆಕೆಂಡ್ ವಿಳಂಬವಿರುವ ದಾರಿಯನ್ನು ಒಂದು ಬಿಂದುವಿಗೆ ಇಳಿಸಲಾಗದು. ಚಿಪ್‌ನ ಪ್ಯಾಡ್ ಧಾರಣೆಯನ್ನು ಸರ್ಕ್ಯೂಟ್ ತಂಡದಿಂದ ಕೇಳಿ ಪಡೆದು ಸೇರಿಸಿ, ಏಕೆಂದರೆ ಮೊಳಗುವಿಕೆಯ ಒಂದು ಗೋಡೆ ಅದೇ.

ಡಿಡಿಆರ್5 ಮೆಮೊರಿಯಾದರೆ ಒಂದು ಮಾತು. ಬೋರ್ಡ್‌ನಲ್ಲಿ ಉದ್ದ ಹೊಂದಿಸುವಾಗ ಪ್ಯಾಕೇಜ್‌ನೊಳಗಿನ ವಿಳಂಬವನ್ನೂ ಕೂಡಿಸಿ, ಅದೂ ಪಿಕೊಸೆಕೆಂಡ್‌ನಲ್ಲಿ. ಪ್ಯಾಕೇಜ್‌ನಲ್ಲಿ ಎರಡು ಡೇಟಾ ತಂತಿಗಳ ನಡುವಿನ 4 ಮಿಲಿಮೀಟರ್ ವ್ಯತ್ಯಾಸ ಎಂದರೆ 24 ಪಿಕೊಸೆಕೆಂಡ್. ಸೆಕೆಂಡಿಗೆ 4800 ಮೆಗಾಬಿಟ್ ವೇಗದಲ್ಲಿ ಒಂದು ಬಿಟ್‌ನ ಸಮಯವೇ 208 ಪಿಕೊಸೆಕೆಂಡ್.

ಎಲ್ಲ ಜೋಡಿಸಿದ ಮೇಲೂ ಐ ಡಯಾಗ್ರಾಮ್ (ಬಿಟ್‌ಗಳ ಅಲೆಗಳನ್ನು ಒಂದರ ಮೇಲೊಂದು ಇಟ್ಟ ಕಣ್ಣಿನಾಕಾರದ ಚಿತ್ರ) ಮುಚ್ಚಿಕೊಂಡಿದ್ದರೆ, ನಷ್ಟವನ್ನು ಸರಿದೂಗಿಸುವ ಈಕ್ವಲೈಜರ್‌ಗಳ ಗುಂಡಿ ತಿರುಗಿಸಲು ಹೋಗಬೇಡಿ. ಬಂಪ್‌ನ ಕಡೆಯಿಂದ ಸಿಮ್ಯುಲೇಷನ್‌ನಲ್ಲೇ ಟಿಡಿಆರ್ ತೆಗೆಯಿರಿ. ನಮ್ಮ ಉದಾಹರಣೆಯಲ್ಲಿ ಮೊದಲ 240 ಪಿಕೊಸೆಕೆಂಡ್‌ನೊಳಗೆ ಕಾಣುವುದೆಲ್ಲ ಪ್ಯಾಕೇಜ್‌ನದು. 240ರ ಆಸುಪಾಸಿನ ತಗ್ಗು ಬಾಲ್ ಪ್ಯಾಡ್‌ನದು, ಅದರ ಬೆನ್ನಿಗೇ ಬರುವುದು ಬೋರ್ಡ್‌ನ ವಯಾ. ತಗ್ಗು ಕಂಡರೆ ಧಾರಣೆ ಹೆಚ್ಚಾಗಿದೆ, ಪ್ಲೇನ್ ತೆರೆಯಿರಿ. ಉಬ್ಬು ಕಂಡರೆ ಇಂಡಕ್ಟೆನ್ಸ್ ಹೆಚ್ಚಾಗಿದೆ, ಹತ್ತಿರಕ್ಕೆ ಗ್ರೌಂಡ್ ವಯಾ ತನ್ನಿ. ಎರಡೂ ಇಲ್ಲದೆ ಗೆರೆ ನೆಟ್ಟಗಿದ್ದರೆ ಬೋರ್ಡ್‌ನ ಉದ್ದವನ್ನೋ ಲ್ಯಾಮಿನೇಟನ್ನೋ ಬದಲಿಸುವ ಮಾತು ಎತ್ತಿ.