ಅಂಕೋರ್‌ನಲ್ಲಿ ಅಮ್ಮನ ಹಿಂದೆ ಹಿಂದೆ

ಮೊದಲ ದಿನ ನಾವು 5 ದೇವಸ್ಥಾನ ನೋಡಿದೆವು. ಸಂಜೆ ರೂಮಿಗೆ ಬಂದು ಫೋಟೋ ತಿರುಗಿಸುವಾಗ ಯಾವುದು ಯಾವ ದೇವಸ್ಥಾನದ್ದು ಅಂತ ನನಗೂ ಗೊತ್ತಾಗಲಿಲ್ಲ, ಅಮ್ಮನಿಗೂ ಗೊತ್ತಾಗಲಿಲ್ಲ. ಒಂದು ಟೂರ್ ಕಂಪನಿಯ ವ್ಯಾನಿನಲ್ಲಿ 14 ಜನರ ಜೊತೆ ಹೋಗಿದ್ದೆವು. ಒಂದೊಂದು ಕಡೆ 40 ನಿಮಿಷ. ಗೈಡ್ ಬಾವುಟ ಎತ್ತಿಕೊಂಡು ಮುಂದೆ ಓಡುತ್ತಿದ್ದ, 71 ವರ್ಷದ ಅಮ್ಮ ಸೀರೆ ಎತ್ತಿಕೊಂಡು ಹಿಂದೆ.

"ಗಂಟುನೋವು ಮಾಡಿಕೊಳ್ಳಲಿಕ್ಕೆ ಇಷ್ಟು ದೂರ ಬರಬೇಕಿತ್ತಾ ಮಾರಾಯ್ತಿ?" ಅಂದಳು ಅಮ್ಮ, ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ.

ನಮ್ಮೂರು ಪುತ್ತೂರಿನ ಹತ್ತಿರ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಕಾಂಬೋಡಿಯಾದಲ್ಲಿ ಹಳೇ ದೇವಸ್ಥಾನಗಳು ಹರಡಿರುವ ಅಂಕೋರ್ ನೋಡಬೇಕು ಅಂತ ಆಸೆ ಇದ್ದದ್ದು ನನಗೆ. ಅಮ್ಮ ಬಂದದ್ದು, ನಾನು ಒಬ್ಬಳೇ ಹೋಗಬಾರದು ಅಂತ. ಆದರೆ ಮುಂದಿನ ದಿನಗಳಲ್ಲಿ ದಾರಿ ತೋರಿಸಿದ್ದು ಅಮ್ಮನೇ. ನನ್ನ ಓದು ಅಲ್ಲಿ ಅರ್ಧ ಕೆಲಸಕ್ಕೆ ಬಂತು. ಉಳಿದರ್ಧಕ್ಕೆ ಅವಳು ರಾತ್ರಿ ನಿದ್ದೆಗೆಟ್ಟು ನೋಡಿದ ಯಕ್ಷಗಾನ ಬೇಕಾಯಿತು.

ಒಂದು ಕೆಲಸ ಮಾತ್ರ ಸರಿ ಮಾಡಿದ್ದೆ. ಅಲ್ಲಿ ದೇವಸ್ಥಾನ ನೋಡುವ ಪಾಸ್ 3 ತರ: 1 ದಿನಕ್ಕೆ 37 ಡಾಲರ್, 3 ದಿನಕ್ಕೆ 62, 7 ದಿನಕ್ಕೆ 72. ಮೂರಕ್ಕೂ ಏಳಕ್ಕೂ ಬರೀ 10 ಡಾಲರ್ ವ್ಯತ್ಯಾಸ ಅಂತ ಏಳರದ್ದೇ ತೆಗೆದುಕೊಂಡಿದ್ದೆ. ಸಾಲಾಗಿ 7 ದಿನ ಹೋಗಬೇಕಿಲ್ಲ, ಒಂದು ತಿಂಗಳೊಳಗೆ ಯಾವ 7 ದಿನವಾದರೂ ಆಗುತ್ತದೆ. ಹಿರಿಯರನ್ನು ಕರೆದುಕೊಂಡು ಹೋಗುವವರು ಸುಮ್ನೆ ಇದನ್ನೇ ತೆಗೆದುಕೊಳ್ಳಿ. ಒಂದು ದಿನ ಓಡಾಡಿ ಮರುದಿನ ಮಲಗಬಹುದು.

ಮರುದಿನ ವ್ಯಾನಿಗೆ ಕೈಮುಗಿದು ಒಂದು ಟುಕ್‌ಟುಕ್ ಗೊತ್ತು ಮಾಡಿದೆವು. ಒಪ್ಪಂದ ಸರಳ: ದಿನಕ್ಕೆ ಒಂದೇ ಜಾಗ, ಮಧ್ಯಾಹ್ನ ಊಟಕ್ಕೆ ವಾಪಸ್, ಬೇಕಿದ್ದರೆ ಸಂಜೆ ಮತ್ತೆ. ಡ್ರೈವರ್ ಹುಡುಗನಿಗೆ ನಾನು ಟೀಚರ್ ಅಂತ ತಿಳಿದ ಮೇಲೆ ನನ್ನನ್ನು "ಕ್ರೂ" ಅಂತ ಕರೆಯತೊಡಗಿದ. ನಮ್ಮ ಗುರುವೇ ಅಲ್ಲಿ ಕ್ರೂ. ಅಮ್ಮನನ್ನು ಕರೆದದ್ದು "ಯೇಯ್" ಅಂತ. ಅಮ್ಮನ ಮುಖ ಕೆಂಪಾಯಿತು. "ಇವ ಏನು ನನ್ನನ್ನು ಏಯ್ ಅಂತಾನೆ?" ಅಲ್ಲಿಯ ಖ್ಮೇರ್ ಭಾಷೆಯಲ್ಲಿ ಯೇಯ್ ಅಂದರೆ ಅಜ್ಜಿ, ಗೌರವದಿಂದಲೇ ಕರೆಯುವುದು ಅಂತ ಸಮಾಧಾನ ಮಾಡಬೇಕಾಯಿತು. ಎರಡು ದಿನ ಕಳೆದ ಮೇಲೆ ಅವಳೇ ಆ ಹುಡುಗನಿಗೆ ಚಕ್ಕುಲಿ ಕೊಡುತ್ತಿದ್ದಳು.

ಅಂಕೋರ್‌ನ ದೊಡ್ಡ ದೇವಸ್ಥಾನ ಅಂಕೋರ್ ವಾಟ್‌ಗೆ ಹೋಗುವವರೆಲ್ಲ ಬೆಳಗ್ಗೆ 5 ಗಂಟೆಗೆ ಪಶ್ಚಿಮದ ಕೊಳದ ಮುಂದೆ ಸೂರ್ಯೋದಯಕ್ಕೆ ನಿಲ್ಲುತ್ತಾರೆ. ನಾವು ಮೊದಲ ದಿನ ನಿಂತಿದ್ದೆವು. ಕಂಡದ್ದು ಮುಂದಿನವರ ಫೋನು. ಎರಡನೇ ಸಲ ಟುಕ್‌ಟುಕ್ಕನ್ನು ಹಿಂದಿನ ಪೂರ್ವ ಬಾಗಿಲಿಗೆ ಬಿಡಿಸಿದೆವು. 190 ಮೀಟರ್ ಅಗಲದ ಕಂದಕಕ್ಕೆ ಆ ಕಡೆ ಮಣ್ಣಿನ ಏರಿ ಇದೆ. ದಾಟಿದರೆ ಮರಗಳ ನಡುವೆ ದಾರಿ. ಜನ ಇಲ್ಲ. ದೇವಸ್ಥಾನದ ಹಿಂಬದಿಗೆ ಬಂದು ತಲುಪುತ್ತೀರಿ, ಅಲ್ಲಿ ಪೂರ್ವದ ಮೊಗಸಾಲೆಯಲ್ಲಿ ಸಮುದ್ರ ಮಥನದ ಗೋಡೆ ಇದೆ. ಬೆಳಗಿನ ಬಿಸಿಲು ನೇರ ಅದಕ್ಕೇ ಬೀಳುವುದು. ಎದುರಿನ ಕಡೆ ಅಷ್ಟು ಜನ ಕಾಯುವಾಗ ನಮಗೆ ಇಡೀ ಗೋಡೆ ಸಿಕ್ಕಿತ್ತು.

49 ಮೀಟರ್ ಉದ್ದದ ಒಂದೇ ಚಿತ್ರ. ನಡುವೆ ವಿಷ್ಣು, ಮಂದರ, ಕೆಳಗೆ ಆಮೆ. ಎಡಕ್ಕೆ ವಾಸುಕಿಯ ಹೆಡೆ ಹಿಡಿದ ಅಸುರರ ಸಾಲು, ಬಲಕ್ಕೆ ಬಾಲ ಹಿಡಿದ ದೇವತೆಗಳು. ಮೇಲೆ ಅಪ್ಸರೆಯರು ಹಾರುತ್ತಿದ್ದಾರೆ. ಕೆಳಗೆ ನೀರಿನಲ್ಲಿ ಮೀನು, ಮೊಸಳೆ. ಮಂದರದ ಹತ್ತಿರ ಬಂದಂತೆ ಮೀನುಗಳು ತುಂಡು ತುಂಡಾಗಿವೆ. ಕಡೆಯುವ ರಭಸಕ್ಕೆ ಸಿಕ್ಕಿ ತುಂಡಾದವು! ಕೆತ್ತಿದವನ ಈ ತಲೆಗೆ ನಾನು ಮರುಳಾದೆ. ಅಮ್ಮ ದೇವತೆಗಳನ್ನು ಎಣಿಸಲು ಹೊರಟು 40 ದಾಟಿದ ಮೇಲೆ ತಪ್ಪಿದಳು. ಬಾಲದ ತುದಿಗೆ ಬಂದಾಗ ಮಾತ್ರ ನಿಂತೇಬಿಟ್ಟಳು. ಅಲ್ಲಿ ಬಾಲ ಹಿಡಿದು ನಿಂತದ್ದು ಒಂದು ದೊಡ್ಡ ಕಪಿ.

"ಸಮುದ್ರ ಮಥನಕ್ಕೆ ಕಪಿ ಎಲ್ಲಿಂದ ಬಂತು? ತಾಳಮದ್ದಳೆಯಲ್ಲಿ ಯಾರಾದರೂ ಹೀಗೆ ಹೇಳಿದರೆ ಎದುರಿನ ಅರ್ಥಧಾರಿ ಬಿಡ್ತಿದ್ನಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಕತೆ ನಮ್ಮದು, ಆದರೆ ಅದು ಅವರ ಮನೆಯಲ್ಲಿ ಬೆಳೆದಿದೆ. ಅಮ್ಮನಿಗೆ ಇದು ಸಮಾಧಾನವಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೂ ಅದೇ ಮಾತು.

ಮೊಗಸಾಲೆಯ ಸುತ್ತಿನಲ್ಲಿ ಇನ್ನೊಂದು ತಕರಾರು ಬಂತು. ಚಿತ್ರಗಳನ್ನು ಕ್ರಮವಾಗಿ ನೋಡಬೇಕಾದರೆ ಗೋಡೆ ನಮ್ಮ ಎಡಕ್ಕೆ ಇರಬೇಕು. "ಇದು ಅಪ್ರದಕ್ಷಿಣೆ ಆಯ್ತಲ್ವಾ? ಹೀಗೆ ಬರುವುದು ಉತ್ತರಕ್ರಿಯೆಯಲ್ಲಿ ಮಾತ್ರ," ಅಂದಳು ಅಮ್ಮ. ನಾನು ಓದಿಕೊಂಡು ಹೋದದ್ದೂ ಅದನ್ನೇ. ಈ ಕ್ರಮ, ಮತ್ತೆ ದೇವಸ್ಥಾನ ಪಶ್ಚಿಮಕ್ಕೆ ಮುಖ ಮಾಡಿರುವುದು, ಇವೆರಡನ್ನೂ ತೋರಿಸಿ ಇದು ರಾಜ ತನ್ನ ಸಾವಿನ ನಂತರಕ್ಕೂ ಕಟ್ಟಿಸಿಕೊಂಡದ್ದು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅವರು ಪುಸ್ತಕ ಬರೆದು ಹೇಳಿದ್ದನ್ನು ಅಮ್ಮ ಎರಡು ಹೆಜ್ಜೆಯಲ್ಲಿ ಹೇಳಿದಳು. ಹೇಳಿ ತಾನು ಪ್ರದಕ್ಷಿಣೆಯಾಗಿಯೇ ಹೊರಟಳು. ನಾನು ಪುಸ್ತಕದ ಕ್ರಮದಲ್ಲಿ, ಅವಳು ಎದುರಿನಿಂದ. ನಡುವೆ ಎಲ್ಲೋ ಸಿಕ್ಕಿದೆವು.

ಪಶ್ಚಿಮದ ಗೋಡೆಗಳಿಗೆ ಬೆಳಕು ಬರುವುದು ಮಧ್ಯಾಹ್ನದ ನಂತರ. ಆದ್ದರಿಂದ ಅದಕ್ಕೆ ಇನ್ನೊಂದು ದಿನ 3 ಗಂಟೆಗೆ ಹೋದೆವು. ಒಳಗೆ ಹೋಗಿ ಬಲಕ್ಕೆ ತಿರುಗಿದರೆ ಕುರುಕ್ಷೇತ್ರ, ಎಡಕ್ಕೆ ಲಂಕೆಯ ಯುದ್ಧ. ಅಮ್ಮ ಎಡದಿಂದ ಬರುವ ಕೌರವರ ಸೈನ್ಯವನ್ನು ನೋಡುತ್ತಾ ನಡೆದವಳು ಮೇಲಿನ ಸಾಲಿಗೆ ಬೆರಳು ತೋರಿಸಿದಳು. ಒಬ್ಬ ಮುದುಕ ಬಾಣಗಳ ಮೇಲೆ ಮಲಗಿದ್ದಾನೆ, ಸುತ್ತ ಜನ ಕೂತಿದ್ದಾರೆ. "ಭೀಷ್ಮ!" ಅಂದಳು, ಊರಿನ ಯಾರನ್ನೋ ಬಸ್‌ಸ್ಟ್ಯಾಂಡಿನಲ್ಲಿ ಕಂಡ ಹಾಗೆ. ಗೋಡೆಯ ಕೆಳಭಾಗದ ಕಲ್ಲು ಜನ ಮುಟ್ಟಿ ಮುಟ್ಟಿ ಕಪ್ಪಗೆ ಹೊಳೆಯುತ್ತಿತ್ತು. ಈಗ ಮುಟ್ಟಬಾರದು ಅಂತ ಹಗ್ಗ ಕಟ್ಟಿದ್ದಾರೆ. ಅರ್ಜುನ ಬಾಣ ಬಿಟ್ಟು ಅಜ್ಜನಿಗೆ ನೀರು ತಂದ ಕತೆಯನ್ನು ಅಮ್ಮ ಅಲ್ಲೇ ನಿಂತು ಪೂರ್ತಿ ಹೇಳಿದಳು. ಕನ್ನಡ ಬಾರದ ಇಬ್ಬರು ಪ್ರವಾಸಿಗಳು ನಮ್ಮ ಹಿಂದೆ ನಿಂತು ಕೇಳುತ್ತಿದ್ದರು.

ಹೊರಡುವ ಮೊದಲು ನಾವು ಬೇಲೂರಿಗೆ ಒಂದು ಸಲ ಹೋಗಿ ಬಂದಿದ್ದೆವು. ಅದಕ್ಕೆ ಕಾರಣ ಇತ್ತು. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅಂಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ಒಂದೇ ಕಾಲ, ಇಬ್ಬರದ್ದೂ ವಿಷ್ಣುವಿಗೆ. ಬಳಪದ ಕಲ್ಲಿನಲ್ಲಿ ಬಳೆಯ ಒಳಗೆ ಬಳೆ ಕೆತ್ತುವ ಕೈ ಬೇರೆ, ಮರಳುಗಲ್ಲಿನ ಗೋಡೆಯಲ್ಲಿ ಬೆರಳಿನಷ್ಟು ಆಳಕ್ಕೆ ಸಾವಿರಾರು ಸೈನಿಕರನ್ನು ನಡೆಸುವ ಕೈ ಬೇರೆ. ಬೇಲೂರನ್ನು ಕಣ್ಣಲ್ಲಿಟ್ಟುಕೊಂಡು ಹೋಗದಿದ್ದರೆ ಈ ವ್ಯತ್ಯಾಸ ನನಗೆ ಕಾಣುತ್ತಲೇ ಇರಲಿಲ್ಲ.

ಮೇಲಿನ ಗೋಪುರದ ಹಂತಕ್ಕೆ ಹತ್ತಲು ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಅಮ್ಮನ ಸೀರೆಗೆ ಯಾರೂ ಏನೂ ಹೇಳಲಿಲ್ಲ. ಮೆಟ್ಟಿಲು ನೋಡಿ ಅಮ್ಮನೇ ಬೇಡ ಅಂದಳು. ನಾನು ಕ್ಯೂ ನಿಂತು ಹತ್ತಿ ಬಂದೆ. ಹತ್ತದಿದ್ದರೂ ಏನೂ ನಷ್ಟ ಇಲ್ಲ ಅಂತ ಅನಿಸಿತು. ನನಗೆ ಬೇಕಾದದ್ದು ಕೆಳಗಿನ ಗೋಡೆಗಳಲ್ಲೇ ಇತ್ತು.

ಬಂತೇ ಸ್ರೇಯ್‌ಗೆ ನಾವು ಉಳಿದುಕೊಂಡಿದ್ದ ಊರಿನಿಂದ ಟುಕ್‌ಟುಕ್‌ನಲ್ಲಿ ಒಂದು ಗಂಟೆಗೂ ಜಾಸ್ತಿ. 967ರಲ್ಲಿ ಪ್ರತಿಷ್ಠೆಯಾದ ಚಿಕ್ಕ ಶಿವನ ದೇವಸ್ಥಾನ, ಕಟ್ಟಿಸಿದ್ದು ರಾಜನಲ್ಲ, ಯಜ್ಞವರಾಹ ಎಂಬ ರಾಜಗುರು. ಗುಲಾಬಿ ಬಣ್ಣದ ಮರಳುಗಲ್ಲಿನಲ್ಲಿ ಮರದ ಕೆತ್ತನೆಯಷ್ಟು ಸಣ್ಣ ಕೆಲಸ. ಬಾಗಿಲ ಮೇಲಿನದು ಕಾಣಬೇಕಾದರೆ ಬೈನಾಕ್ಯುಲರ್ ಒಯ್ಯಿರಿ. ಕೈಲಾಸ ಅಲುಗಿಸುವ ರಾವಣ, ಕಂಸವಧೆ, ಖಾಂಡವ ವನದ ಮೇಲೆ ಮಳೆ ಸುರಿಸುವ ಇಂದ್ರ. ಮಳೆಯನ್ನು ಓರೆ ಗೀಟುಗಳಲ್ಲಿ ಕೆತ್ತಿದ್ದಾರೆ, ನಮ್ಮ ಆಷಾಢದ ಮಳೆ ಹೇಗೆ ಬೀಳುತ್ತದೋ ಹಾಗೆ.

ಆದರೆ ಅಮ್ಮ ಅಲ್ಲಿ ಮೊದಲು ನೋಡಿದ್ದು ಹೊರಗಿನ ಪೌಳಿಯನ್ನು. ತೂತು ತೂತಿನ ಕೆಂಪು ಕಲ್ಲು, ತೂತಿನಲ್ಲಿ ಪಾಚಿ. "ಇದು ನಮ್ಮ ಮುರಕಲ್ಲು!" ಅಂದಳು. ಹೌದು, ಅದೇ. ಅಂಕೋರ್‌ನ ಬುನಾದಿ, ಪೌಳಿ, ಗೋಡೆಗಳ ಒಳಹೊಟ್ಟೆ ಎಲ್ಲ ಈ ಕಲ್ಲು. ಕೆತ್ತನೆಯ ಮರಳುಗಲ್ಲು ಹೊರಗಿನ ಅಂಗಿ. ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಬಂದಮೇಲೆ ಗಟ್ಟಿಯಾಗುವ ಕಲ್ಲು ಇದು ಅಂತ ನಮ್ಮ ಕೋರೆಯಲ್ಲಿ ಕಲ್ಲು ಕಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಹುಟ್ಟಿದ್ದೂ ದೂರದಲ್ಲೆಲ್ಲೋ ಅಲ್ಲ, ಮಲಬಾರಿನ ಅಂಗಾಡಿಪುರಂನಲ್ಲಿ. ಅಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ನೋಡಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸ ಗ್ರಂಥದಲ್ಲಿ ಆ ಹೆಸರಿಟ್ಟ.

ವಾಪಸ್ ಬರುವಾಗ ದಾರಿ ಬದಿಯ ಹಳ್ಳಿಯಲ್ಲಿ ದೊಡ್ಡ ಬಾಣಲೆಗಳಲ್ಲಿ ತಾಳೆಯ ರಸ ಕುದಿಯುತ್ತಿತ್ತು. ಗಟ್ಟಿಯಾದ ಬಿಲ್ಲೆಗಳನ್ನು ತಾಳೆಗರಿಯಲ್ಲೇ ಸುತ್ತಿ ಮಾರುತ್ತಾರೆ. ಥೇಟ್ ಓಲೆಬೆಲ್ಲ. ಅಮ್ಮ 6 ಕಟ್ಟು ತೆಗೆದುಕೊಂಡಳು. ಊಟದ ವಿಷಯದಲ್ಲಿ ಅಲ್ಲಿಯವರೆಗೆ ಅವಳಿಗೆ ಕಷ್ಟವೇ ಆಗಿತ್ತು. "ಒತ್ ಸಾಚ್", ಮಾಂಸ ಬೇಡ, ಅಂತ ಹೇಳಲು ಕಲಿತಿದ್ದೆ. ಆದರೆ ಮೀನಿನ ಸಾಸು ಅವರಿಗೆ ಉಪ್ಪಿನ ಹಾಗೆ, ಅದನ್ನು ಬೇರೆ ಹೇಳಬೇಕು. ಎರಡು ಹೊತ್ತು ಊರಿನಿಂದ ತಂದ ಅವಲಕ್ಕಿಯೇ ಗತಿಯಾಯಿತು. ಮೂರನೇ ದಿನ ಭಾರತದ ಹೋಟೆಲು ಸಿಕ್ಕಿತು.

ತಾ ಪ್ರೋಮ್ ದೇವಸ್ಥಾನ ಮೊದಲ ದಿನದ ಓಟದಲ್ಲೇ ಮುಗಿದಿತ್ತು. ಬಯೋನ್ ದೇವಸ್ಥಾನಕ್ಕೆ ಇನ್ನೊಮ್ಮೆ ಹೋದೆವು. ಗೋಪುರಗಳ ಮೇಲೆಲ್ಲ ಕಲ್ಲಿನ ಮುಖಗಳು, ಎಲ್ಲಿ ನಿಂತರೂ ಒಂದಾದರೂ ನೋಡುತ್ತಿರುತ್ತದೆ. ಅರ್ಧ ಸುತ್ತು ಬಂದು ಅಮ್ಮ ನೆರಳಲ್ಲಿ ಕೂತಳು. "ಅವರು ನನ್ನನ್ನು ನೋಡಿದ್ದು ಸಾಕು," ಅಂದಳು.

ಪಾಸಿನಲ್ಲಿ 2 ದಿನ ಉಳಿದೇಹೋಯಿತು. ಊರಿಗೆ ಬಂದ ಮೇಲೆ ಪಕ್ಕದ ಮನೆಯ ಭಟ್ರು ಗೇಟಿನ ಹತ್ತಿರವೇ ಕೇಳಿದರು, ಎಷ್ಟು ದೇವಸ್ಥಾನ ಆಯ್ತು ಅಂತ. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಹೇಳಿದಳು, "ಎರಡೂವರೆ. ಮೊದಲ ದಿನದ್ದು ಲೆಕ್ಕಕ್ಕಿಲ್ಲ." ಆಮೇಲೆ ಒಂದು ಕಟ್ಟು ಬೆಲ್ಲ ಅವರ ಕೈಗಿಟ್ಟು, ಬಾಲ ಹಿಡಿದ ಆ ಕಪಿಯ ವಿಷಯ ಶುರು ಮಾಡಿದಳು.