ಕರಡಿಮರಿ ಕೇಕಿಗೆ ಮುಖ ಬಂದ ಬಗೆ

ಫಾಂಡಂಟ್ (ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆಯ ಹಿಟ್ಟು) ಹೊದಿಸಿಬಿಟ್ಟರೆ ಒಳಗಿನ ಓರೆಕೋರೆಯೆಲ್ಲ ಮುಚ್ಚಿಹೋಗುತ್ತದೆ ಅಂತ ನಾನು ನಂಬಿದ್ದೆ. ಮೊದಲ ಸಲ ಮಾಡಿದ ಆನೆಮರಿ ಕೇಕಿನಲ್ಲೇ ಆ ನಂಬಿಕೆ ಹೋಯಿತು. ಎರಡು ಪದರಗಳ ನಡುವೆ ಕ್ರೀಮ್ ಉಬ್ಬಿ, ಹೊಟ್ಟೆಯ ಸುತ್ತ ಬೆಲ್ಟ್ ಕಟ್ಟಿದ ಹಾಗೆ ಗೆರೆ ಎದ್ದಿತ್ತು. ಫಾಂಡಂಟ್ ಒದ್ದೆ ಬಟ್ಟೆಯ ಹಾಗೆ, ಒಳಗಿರುವುದನ್ನೇ ಹೊರಗೆ ತೋರಿಸುತ್ತದೆ. ಹಾಗಾಗಿ ಈಗ ಅಲಂಕಾರಕ್ಕಿಂತ ಹೆಚ್ಚು ಹೊತ್ತು ಕೆತ್ತನೆಗೇ ಕೊಡುತ್ತೇನೆ.

ಈ ಸಲದ್ದು ಕೂತಿರುವ ಕರಡಿಮರಿ. ಮೈಗೆಲ್ಲ ಬಟರ್‌ಕ್ರೀಮಿನ ತುಪ್ಪಳ. ಮೂತಿ, ಕಿವಿ, ಅಂಗಾಲು, ಕಣ್ಣು ಮಾತ್ರ ಫಾಂಡಂಟ್.

ಹಗುರವಾದ ಸ್ಪಾಂಜ್ ಚಾಕು ತಾಗಿದರೆ ಉದುರುತ್ತದೆ, ಬೆಣ್ಣೆ ಹೆಚ್ಚಿರುವ ಗಟ್ಟಿ ಕೇಕೇ ಬೇಕು. ದೇಹಕ್ಕೆ 6 ಇಂಚಿನ ಮೂರು, ತಲೆಗೆ 5 ಇಂಚಿನ ಎರಡು ಬೇಯಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ದೇಹದೊಳಗೆ ಅದರ ಎತ್ತರಕ್ಕೇ ಕತ್ತರಿಸಿದ ನಾಲ್ಕು ಕಡ್ಡಿ ಇಳಿಸಿ, ಮೇಲೆ 4 ಇಂಚಿನ ಬೋರ್ಡ್ (ಕೇಕ್ ಇಡುವ ಗಟ್ಟಿ ರಟ್ಟು) ಇಟ್ಟು, ಅದರ ಮೇಲೆ ತಲೆ. ತಲೆಯಿಂದ ಬುಡದವರೆಗೆ ನಡುವೆ ಒಂದು ಉದ್ದ ಕಡ್ಡಿ. ಬೋರ್ಡ್ ಇಲ್ಲದಿದ್ದರೆ ತಲೆಯ ಭಾರಕ್ಕೆ ದೇಹ ಕುಸಿಯುತ್ತದೆ.

ಕೆತ್ತುವಾಗ ಹಲ್ಲಿನ ಚಾಕುವಿನಿಂದ ಬೆರಳಗಲದ ಚೂರುಗಳನ್ನೇ ತೆಗೆದೆ. ತೆಗೆದದ್ದನ್ನು ಮತ್ತೆ ಅಂಟಿಸುವುದು ಕಷ್ಟ. ಎರಡು ಚೂರು ತೆಗೆದು ತಟ್ಟೆ ತಿರುಗಿಸುವುದು, ಮತ್ತೆ ಎರಡು. ಎದುರಿನಿಂದಲೇ ನೋಡುತ್ತಾ ಕೆತ್ತಿದರೆ ಪಕ್ಕದಿಂದ ಮುಖ ಚಪ್ಪಟೆಯಾಗಿಬಿಡುತ್ತದೆ. ಕಣ್ಣು ಕೂರುವ ಕಡೆ ಹೆಬ್ಬೆರಳಷ್ಟು ತಗ್ಗು ಮಾಡಿದೆ. ಉಳಿದ ಚೂರುಗಳಿಗೆ ಸ್ವಲ್ಪ ಬಟರ್‌ಕ್ರೀಮ್ ಕಲಸಿ ಮಣ್ಣಿನ ಹದಕ್ಕೆ ತಂದು, ಅದರಿಂದಲೇ ಮೂತಿ ಮತ್ತು ಕಾಲು ಕಟ್ಟಿದೆ.

ಬಟರ್‌ಕ್ರೀಮಿಗೆ 250 ಗ್ರಾಂ ಉಪ್ಪಿಲ್ಲದ ಬೆಣ್ಣೆ, 500 ಗ್ರಾಂ ಐಸಿಂಗ್ ಸಕ್ಕರೆ. ಬೆಣ್ಣೆಯೊಂದನ್ನೇ ಮೊದಲು ಬಿಳುಪೇರುವ ತನಕ ಬೀಟ್ ಮಾಡಬೇಕು. ತೆಳುವಾಗಿ ಒಂದು ಕೈ ಬಳಿದು ಪುಡಿಯನ್ನೆಲ್ಲ ಹಿಡಿದಿಟ್ಟು, ಅರ್ಧ ಗಂಟೆ ಫ್ರಿಜ್. ಬೆರಳು ಮುಟ್ಟಿದರೆ ಅಂಟಬಾರದು. ಮೂತಿಯ ಮೇಲೆ ಮಾತ್ರ ಎರಡನೇ ಕೈ ಬಳಿದು ನುಣುಪು ಮಾಡಿದೆ, ಅಲ್ಲಿ ಫಾಂಡಂಟ್ ಬರುವುದರಿಂದ. ಅದನ್ನು 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕೈಯ ಅಂಚಿನಿಂದ ಮೇಲಿನಿಂದ ಕೆಳಕ್ಕೆ ಸವರಿ ಕೂರಿಸಿದೆ. ಒಳಗೆ ಗಾಳಿ ಗುಳ್ಳೆ ಸಿಕ್ಕಿಕೊಂಡರೆ ಸೂಜಿಯಿಂದ ಓರೆಯಾಗಿ ಚುಚ್ಚಿ ಒತ್ತಿದರಾಯಿತು. ಕಿವಿಗಳನ್ನು ಎರಡು ದಿನ ಮೊದಲೇ ಬೇಗ ಗಟ್ಟಿಯಾಗಲು ಬೆರೆಸುವ ಸಿಎಂಸಿ ಪುಡಿ ಹಾಕಿ ನಾದಿದ ಫಾಂಡಂಟಿನಲ್ಲಿ ಮಾಡಿ, ಒಂದೊಂದು ಕಡ್ಡಿ ಸಿಕ್ಕಿಸಿ ಒಣಗಿಸಿದ್ದೆ. ಹಸಿ ಕಿವಿ ಬಾಗುತ್ತದೆ.

ಕಣ್ಣಿಗೆ ಒಂದು ಸಂಜೆಯೇ ಹಿಡಿಯಿತು. ಕಾಗದದಲ್ಲಿ ಎರಡು ಕರಿ ಬೊಟ್ಟು ಕತ್ತರಿಸಿ ಮುಖದ ಮೇಲಿಟ್ಟು ಸರಿಸುತ್ತಾ ನೋಡಿದೆ. ಮೇಲೆ, ಹತ್ತಿರ ಹತ್ತಿರ ಇಟ್ಟರೆ ದೊಡ್ಡ ಕರಡಿ. ಮುಖದ ನಡುಗೆರೆಗಿಂತ ಕೆಳಗೆ, ಒಂದರಿಂದೊಂದು ದೂರ ಸರಿಸಿದಾಗ ಮರಿಯ ಮುಖ ಬಂತು. ಎರಡೂ ಕಣ್ಣಿನ ಬಿಳಿ ಚುಕ್ಕೆ ಒಂದೇ ಬದಿಗಿರಬೇಕು. ಒಂದು ಎಡಕ್ಕೆ, ಒಂದು ಬಲಕ್ಕೆ ಆದರೆ ನೋಟ ಚದುರುತ್ತದೆ.

ಕಣ್ಣು ಕೂರಿಸಿದ ಮೇಲೆಯೇ ತುಪ್ಪಳ. ಕಂದು ಬಣ್ಣಕ್ಕೆ ಕೋಕೋ ಪುಡಿಯೇ ಆಧಾರ, ಸ್ವಲ್ಪ ಜೆಲ್ ಬಣ್ಣ ಸಾಕು. ಜೆಲ್ ಬಣ್ಣ ಗಂಟೆಗಳು ಕಳೆದಂತೆ ಇನ್ನೂ ಗಾಢವಾಗುತ್ತದೆ. ತಿಳಿ, ಗಾಢ ಎರಡೂ ಕಂದನ್ನು ಒಂದೇ ಬ್ಯಾಗಿನಲ್ಲಿ ಅಕ್ಕಪಕ್ಕ ತುಂಬಿ, ಕೂದಲಿನಂಥ ಎಳೆ ಬರುವ, ಹಲವು ಸಣ್ಣ ತೂತುಗಳ 233ನೇ ನಂಬರಿನ ನಾಝಲ್ ಹಾಕಿದೆ. ತುದಿ ಕೇಕಿಗೆ ತಾಗಿಸಿ, ಹಿಂಡಿ, ಹೊರಕ್ಕೆ ಎಳೆದು, ಹಿಂಡುವುದು ನಿಲ್ಲಿಸಿದ ಮೇಲೆ ಕೈ ತೆಗೆಯಬೇಕು. ಬುಡದಿಂದ ಮೇಲಕ್ಕೆ ಹೋದರೆ ಮೇಲಿನ ಸಾಲು ಕೆಳಗಿನದರ ಬೇರನ್ನು ಮುಚ್ಚುತ್ತದೆ. ಅಂಗೈ ಬಿಸಿಗೆ ಕ್ರೀಮ್ ಸಡಿಲಾಗಿ ಕೂದಲು ಮಲಗತೊಡಗಿದಾಗ ಬ್ಯಾಗನ್ನು ಫ್ರಿಜ್‌ಗೆ ಹಾಕಿ ಇನ್ನೊಂದನ್ನು ತೆಗೆದುಕೊಂಡೆ. ಕಣ್ಣಿನ ಸುತ್ತ ನಾಲ್ಕೈದು ಎಳೆ ಕಣ್ಣಿನ ಅಂಚಿನ ಮೇಲೆಯೇ ಬರುವಂತೆ ಎಳೆದೆ. ಆ ಕ್ಷಣಕ್ಕೆ ಅಂಟಿಸಿದ ಬೊಟ್ಟುಗಳು ಹೋಗಿ, ತುಪ್ಪಳದೊಳಗಿನಿಂದ ಮರಿ ನನ್ನನ್ನೇ ನೋಡಿತು. ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ಗಳಿಗೆ ಇದೇ.

ಫ್ರಿಜ್‌ನಿಂದ ತೆಗೆದಾಗ ಮೂತಿಯ ಮೇಲೆ ಬೆವರಿನ ಹನಿ ಕೂತಿತ್ತು. ಒರೆಸಿದರೆ ಕಲೆ ಉಳಿಯುತ್ತದೆ, ಮುಟ್ಟದೆ ಬಿಟ್ಟೆ. ತಾನೇ ಆರಿತು.

ಕತ್ತರಿಸುವ ಹೊತ್ತಿಗೆ ನಾನೇ ಪಕ್ಕದಲ್ಲಿ ನಿಂತೆ. ಮೊದಲು ಕಿವಿ, ಆಮೇಲೆ ಉದ್ದ ಕಡ್ಡಿ ಎಳೆದು ಬೋರ್ಡ್ ಸಮೇತ ತಲೆ, ಕೊನೆಗೆ ದೇಹದವು. ತಟ್ಟೆಗಳು ಮಕ್ಕಳ ಕೈ ಸೇರುವ ಮೊದಲು ಕಡ್ಡಿಗಳನ್ನು ಎಣಿಸಿದೆ. ಹಾಕಿದ್ದು ಏಳು, ಸಿಕ್ಕಿದ್ದು ಏಳು.